66 ಕೆವಿ ಟ್ರಾನ್ಸ್‌ಫಾರ್ಮರ್‌ಗೆ ಸರ್ಕ್ಯೂಟ್ ಸ್ವಿಚರ್ ಸಾಕಾ, ಬ್ರೇಕರ್ರೇ ಬೇಕಾ?

ನಂಜನಗೂಡು ಪ್ರಾಜೆಕ್ಟ್

ಎಲ್ಲರಿಗೂ ನಮಸ್ಕಾರ. ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಈಗ ನಮಗೆ 11 ಕೆವಿ ಸಪ್ಲೈ ಇದೆ. ಹೊಸ ಯೂನಿಟ್ ಬರುತ್ತಿರುವುದರಿಂದ 66 ಕೆವಿ ತೆಗೆದುಕೊಳ್ಳಬೇಕು. ಯಾರ್ಡ್‌ನಲ್ಲಿ 12.5 ಎಂವಿಎ, 66/11 ಕೆವಿ ಟ್ರಾನ್ಸ್‌ಫಾರ್ಮರ್ ಒಂದು ಕೂರುತ್ತದೆ.

ನಮ್ಮ ಹೆಡ್ ಆಫೀಸ್ ಅಮೆರಿಕದಲ್ಲಿದೆ. ಅಲ್ಲಿಂದ ಬಂದ ಸಿಂಗಲ್ ಲೈನ್ ಡ್ರಾಯಿಂಗ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ನ ಎಚ್‌ವಿ (ಹೈ ವೋಲ್ಟೇಜ್, ಅಂದರೆ 66 ಕೆವಿ) ಕಡೆ ಬ್ರೇಕರ್ (ತೊಂದರೆಯಾದಾಗ ಕರೆಂಟ್ ಕಡಿಯುವ ಸ್ವಿಚ್) ಇಲ್ಲ, ಸರ್ಕ್ಯೂಟ್ ಸ್ವಿಚರ್ ಅಂತ ಇದೆ. "ನಮ್ಮ ಪ್ಲಾಂಟ್‌ಗಳಲ್ಲಿ ಇದೇ ಇರುವುದು. ಜಾಗ ಕಡಿಮೆ, ಖರ್ಚೂ ಕಡಿಮೆ" ಅನ್ನುತ್ತಾರೆ. ಇಲ್ಲಿನ ಕನ್ಸಲ್ಟೆಂಟ್ "ಬ್ರೇಕರ್ ಹಾಕಿ ಸಾರ್, ಸುಮ್ನೆ ತಲೆನೋವು ಯಾಕೆ" ಅನ್ನುತ್ತಾರೆ. ಕಾರಣ ಕೇಳಿದರೆ ಗಟ್ಟಿಯಾದ ಉತ್ತರ ಸಿಗಲಿಲ್ಲ. ನನಗೆ ಬೇಕಾಗಿರುವುದು ಕಾರಣ. "ಇಲ್ಲಿ ರೂಢಿ ಇಲ್ಲ" ಅಂತ ಬರೆದರೆ ಹೆಡ್ ಆಫೀಸ್‌ನವರು ಒಪ್ಪುವುದಿಲ್ಲ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮದ್ದೂರು ಶಿಫ್ಟ್

ಮಂಡ್ಯ ಜಿಲ್ಲೆಯ ಎಂಯುಎಸ್‌ಎಸ್‌ಗಳಲ್ಲಿ (ಸಬ್‌ಸ್ಟೇಷನ್‌ಗಳಲ್ಲಿ) ಆಪರೇಟರ್ ಆಗಿ ಕೆಲಸ ಮಾಡಿದ್ದೇನೆ. ಎಣ್ಣೆ ತುಂಬಿದ ಎಂಓಸಿಬಿ ಬ್ರೇಕರ್ ನೋಡಿದ್ದೇನೆ, ಎಸ್‌ಎಫ್6 ಅನಿಲದ್ದು ನೋಡಿದ್ದೇನೆ, 11 ಕೆವಿ ವಿಸಿಬಿ (ವ್ಯಾಕ್ಯೂಮ್ ಬ್ರೇಕರ್) ದಿನಾ ನೋಡುತ್ತೇನೆ. ಈ ಸ್ವಿಚರ್ ಮಾತ್ರ ಯಾವ ಸ್ಟೇಷನ್‌ನಲ್ಲೂ ಕಂಡಿಲ್ಲ. ಮೋಟಾರ್ ಇರುವ ಐಸೊಲೇಟರ್ (ಲೋಡ್ ಇಲ್ಲದಾಗ ಮಾತ್ರ ತೆಗೆಯುವ ಸ್ವಿಚ್) ಇದ್ದ ಹಾಗಾ? ಲೋಡ್ ಮೇಲೆ ತೆಗೆಯಬಹುದಾ?

ಡಲ್ಲಾಸ್‌ನ ಮಂಡ್ಯದವನು

ಅಣ್ಣಾ, ಲೋಡ್ ಮೇಲೂ ತೆಗೆಯಬಹುದು, ಫಾಲ್ಟ್ (ಶಾರ್ಟ್ ಸರ್ಕ್ಯೂಟ್‌ನಂಥ ದೋಷ) ಮೇಲೂ ತೆಗೆಯಬಹುದು. ಹಾಗಾಗಿ ಐಸೊಲೇಟರ್ ಅಲ್ಲ. ನಾನು ಇಲ್ಲಿ ಸಬ್‌ಸ್ಟೇಷನ್ ಡಿಸೈನ್‌ನಲ್ಲಿದ್ದೇನೆ, ಇವು ನಮ್ಮ ದಿನದ ಸಾಮಾನು.

ಇದು ಹುಟ್ಟಿದ ಕಾರಣ ತಿಳಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಅಮೆರಿಕದಲ್ಲಿ ಹಳ್ಳಿ ಕಡೆ ಉದ್ದುದ್ದ ಲೈನ್‌ಗಳು. ಮಧ್ಯದಲ್ಲಿ ಒಂದು ಟ್ಯಾಪ್ ತೆಗೆದು ಸಣ್ಣ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಿದ್ದರು. ಅಂಥ ಕಡೆ ಪೂರ್ತಿ ಬ್ರೇಕರ್ ದುಬಾರಿ. ಹಾಗಾಗಿ ಪವರ್ ಫ್ಯೂಸ್ ಹಾಕುತ್ತಿದ್ದರು. ಫ್ಯೂಸ್‌ನ ತೊಂದರೆ ನಿಮಗೆ ಗೊತ್ತು: ಒಂದು ಫೇಸ್ ಮಾತ್ರ ಹೋದರೆ ಉಳಿದ ಎರಡರಲ್ಲಿ ಮೋಟಾರ್ ಸುಡುತ್ತದೆ. ಬುಖೋಲ್ಝ್ ಅಥವಾ ಡಿಫರೆನ್ಷಿಯಲ್ ರಿಲೇ (ಟ್ರಾನ್ಸ್‌ಫಾರ್ಮರ್‌ನ ಫಾಲ್ಟ್ ಹಿಡಿದು ಟ್ರಿಪ್ ಕೊಡುವ ಸಾಧನಗಳು) ಹೇಳಿದ ಮಾತು ಫ್ಯೂಸ್‌ಗೆ ಕೇಳಿಸುವುದೂ ಇಲ್ಲ. ಇನ್ನೊಂದು ಹಳೆಯ ಪದ್ಧತಿ ಇತ್ತು. ಟ್ರಾನ್ಸ್‌ಫಾರ್ಮರ್ ಒಳಗೆ ಫಾಲ್ಟ್ ಆದರೆ ಒಂದು ಅರ್ತ್ ಸ್ವಿಚ್ ತಾನೇ ಬಿದ್ದು ಲೈನನ್ನೇ ಭೂಮಿಗೆ ಕಟ್ಟಿಬಿಡುತ್ತಿತ್ತು. ಆ ದೊಡ್ಡ ಫಾಲ್ಟ್ ನೋಡಿ ದೂರದ ಸ್ಟೇಷನ್‌ನ ಬ್ರೇಕರ್ ಟ್ರಿಪ್ ಆಗುತ್ತಿತ್ತು. ಒಂದು ಟ್ರಾನ್ಸ್‌ಫಾರ್ಮರ್‌ಗಾಗಿ ಇಡೀ ಲೈನ್ ಕತ್ತಲು.

ಈ ಎರಡಕ್ಕೂ ಬದಲಾಗಿ ಸರ್ಕ್ಯೂಟ್ ಸ್ವಿಚರ್ ಬಂತು. ಶಿಕಾಗೊದ ಎಸ್ ಅಂಡ್ ಸಿ, ಜಾರ್ಜಿಯಾದ ಸದರ್ನ್ ಸ್ಟೇಟ್ಸ್ ಇದನ್ನು ಮಾಡುವ ಹೆಸರಾದ ಕಂಪನಿಗಳು. ಎಸ್‌ಎಫ್6 ತುಂಬಿದ ಇಂಟರಪ್ಟರ್ (ಆರ್ಕ್ ಆರಿಸುವ ಭಾಗ) ಇರುತ್ತದೆ. ಕೆಲವು ಮಾದರಿಗಳಲ್ಲಿ ಅದರ ಜೊತೆಗೇ ಐಸೊಲೇಟರ್ ಬ್ಲೇಡ್ ಕೂಡ ಇರುತ್ತದೆ. ರಿಲೇ ಹೇಳಿದರೆ ಮೂರೂ ಫೇಸ್ ಒಟ್ಟಿಗೆ ಬಿಡುತ್ತದೆ. ಇದಕ್ಕೆ ಬೇರೆಯೇ ಸ್ಟಾಂಡರ್ಡ್ ಇದೆ, ಐಟ್ರಿಪಲ್‌ಇ ಸಿ37.016. ಅದು 15.5 ಕೆವಿಯಿಂದ 245 ಕೆವಿವರೆಗಿನ ಸ್ವಿಚರ್‌ಗಳಿಗೆ.

ಇಇಇ ಕೊನೆ ವರ್ಷ

ಸರ್, ಮೈಸೂರಿನಲ್ಲಿ ಓದುತ್ತಿದ್ದೇನೆ. ನಮ್ಮ ಪುಸ್ತಕದಲ್ಲಿ ಸ್ವಿಚರ್ ಇಲ್ಲವೇ ಇಲ್ಲ. ಫಾಲ್ಟ್ ಕೂಡ ಬಿಡಿಸುತ್ತದೆ, ಐಸೊಲೇಟರ್ ಕೆಲಸವನ್ನೂ ಮಾಡುತ್ತದೆ, ಖರ್ಚೂ ಕಡಿಮೆ ಅಂದರೆ ಎಲ್ಲ ಕಡೆ ಅದನ್ನೇ ಹಾಕಬಹುದಲ್ವಾ?

ರಿಲೇ ಮೇಷ್ಟ್ರು

ಮಗೂ, ಒಳ್ಳೆ ಪ್ರಶ್ನೆ. "ಫಾಲ್ಟ್ ಬಿಡಿಸುತ್ತದೆ" ಅಂದಾಗ ಯಾವ ಫಾಲ್ಟ್ ಅಂತ ಕೇಳಬೇಕು. ಲೆಕ್ಕ ಹಾಕೋಣ. ನಂಜನಗೂಡಿನವರು ಕೊಟ್ಟ ಟ್ರಾನ್ಸ್‌ಫಾರ್ಮರನ್ನೇ ತೆಗೆದುಕೊಳ್ಳುತ್ತೇನೆ.

12.5 ಎಂವಿಎ, 66 ಕೆವಿಯಲ್ಲಿ ಫುಲ್ ಲೋಡ್ ಕರೆಂಟ್ ಸುಮಾರು 109 ಆಂಪಿಯರ್. 11 ಕೆವಿ ಕಡೆ 656 ಆಂಪಿಯರ್. ಇಂಪಿಡೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) 10 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. 11 ಕೆವಿ ಟರ್ಮಿನಲ್‌ನಲ್ಲಿ ಮೂರು ಫೇಸ್ ಶಾರ್ಟ್ ಆದರೆ ಅಲ್ಲಿ ಹೆಚ್ಚೆಂದರೆ 6.6 ಕಿಲೋ ಆಂಪಿಯರ್. ಅದೇ ಫಾಲ್ಟ್ 66 ಕೆವಿ ಕಡೆಯಿಂದ ನೋಡಿದರೆ ಬರೀ 1.1 ಕೆಎ. ಟ್ರಾನ್ಸ್‌ಫಾರ್ಮರ್‌ನ ಇಂಪಿಡೆನ್ಸೇ ಕರೆಂಟನ್ನು ಹಿಡಿದು ನಿಲ್ಲಿಸುತ್ತದೆ.

ಈಗ 66 ಕೆವಿ ಬುಶಿಂಗ್ (ತಂತಿ ಟ್ಯಾಂಕ್ ಒಳಗೆ ಹೋಗುವ ಪಿಂಗಾಣಿ ಭಾಗ) ಒಡೆದು ಫಾಲ್ಟ್ ಆಯಿತು ಅನ್ನಿ. ಇಲ್ಲಿ ಟ್ರಾನ್ಸ್‌ಫಾರ್ಮರ್ ಅಡ್ಡ ಬರುವುದಿಲ್ಲ. ಗ್ರಿಡ್‌ನಲ್ಲಿ ಎಷ್ಟು ಶಕ್ತಿ ಇದೆಯೋ ಅಷ್ಟೂ ನುಗ್ಗುತ್ತದೆ. ಉದಾಹರಣೆಗೆ, 220/66 ಕೆವಿ ಸ್ಟೇಷನ್‌ನ 66 ಕೆವಿ ಬಸ್ಸಿನಲ್ಲಿ (ಲೈನ್‌ಗಳೆಲ್ಲ ಸೇರುವ ಕಂಬಿಯಲ್ಲಿ) 15 ಕೆಎ ಫಾಲ್ಟ್ ಲೆವೆಲ್ (ಫಾಲ್ಟ್ ಆದಾಗ ಹರಿಯಬಹುದಾದ ಕರೆಂಟ್) ಇದ್ದರೆ, ಅದರ ಪಕ್ಕದಲ್ಲೇ ಇರುವ ಕಾರ್ಖಾನೆಗೂ ಹೆಚ್ಚುಕಮ್ಮಿ ಅಷ್ಟೇ. 15 ಕಿಲೋಮೀಟರ್ ಆಚೆ ಇದ್ದರೆ, ಲೈನ್ ಕಿಲೋಮೀಟರ್‌ಗೆ 0.4 ಓಮ್ ಅಂತ ಹಿಡಿದರೂ, ಸುಮಾರು 4.5 ಕೆಎಗೆ ಇಳಿಯುತ್ತದೆ.

ಹಳೆಯ ಸ್ವಿಚರ್‌ಗಳಿಗೆ ದೊಡ್ಡ ಫಾಲ್ಟ್ ಕರೆಂಟ್ ಬಿಡಿಸುವ ಶಕ್ತಿ ಇರಲಿಲ್ಲ. ಆದರೂ ಆ ಯೋಚನೆಯಲ್ಲಿ ಒಂದು ಜಾಣತನ ಇತ್ತು, ಅದನ್ನು ಮೆಚ್ಚಬೇಕು. 1.1 ಕೆಎಯ ಆ ಸಣ್ಣ ಫಾಲ್ಟ್ ಇದೆಯಲ್ಲ, ಅದು ದೂರದ ಸ್ಟೇಷನ್‌ನ ಡಿಸ್ಟೆನ್ಸ್ ರಿಲೇಗೆ (ಫಾಲ್ಟ್‌ವರೆಗಿನ ಓಮ್ ಅಳೆದು ದೂರ ತಿಳಿಯುವ ರಿಲೇಗೆ) ಕಾಣುವುದೇ ಕಷ್ಟ. 66 ಕೆವಿ ಕಡೆಯಿಂದ ಈ ಟ್ರಾನ್ಸ್‌ಫಾರ್ಮರ್ 35 ಓಮ್. 15 ಕಿಲೋಮೀಟರ್ ಲೈನ್ ಪೂರ್ತಿ ಸೇರಿದರೂ 6 ಓಮ್. ಲೈನ್ ಕಾಯಲು ಸೆಟ್ ಮಾಡಿದ ರಿಲೇಗೆ 41 ಓಮ್ ಆಚೆಯ ಫಾಲ್ಟ್ ಎಲ್ಲಿ ಕಾಣಬೇಕು? ಅಂದರೆ ಸಣ್ಣ ಫಾಲ್ಟನ್ನು ಸ್ಥಳದಲ್ಲೇ ಯಾರಾದರೂ ಬಿಡಿಸಲೇಬೇಕು. ಅದು ಸ್ವಿಚರ್‌ನ ಕೈಲಿ ಆಗುತ್ತದೆ. ಬುಶಿಂಗ್‌ನ ದೊಡ್ಡ ಫಾಲ್ಟ್ ಸ್ವಿಚರ್‌ನ ಕೈಲಿ ಆಗುವುದಿಲ್ಲ, ಆದರೆ ಅದು ದೂರದ ರಿಲೇಗೆ ಚೆನ್ನಾಗಿ ಕಾಣುತ್ತದೆ. ಕರೆಂಟ್ ಮಿತಿ ದಾಟಿದರೆ ಸ್ವಿಚರ್ ಬಾಯಿ ಬಿಡದಂತೆ ತಡೆದು, ದೂರದ ಬ್ರೇಕರ್‌ಗೆ ಕೆಲಸ ಬಿಟ್ಟುಕೊಡುತ್ತಿದ್ದರು.

ನನಗೆ ಒಪ್ಪಿಗೆ ಆಗದಿರುವುದು ಎಲ್ಲಿ ಅಂದರೆ, ಫಾಲ್ಟ್ ಬೆಳೆಯುತ್ತದೆ. ಟ್ಯಾಂಕ್ ಒಳಗೆ ಒಂದೆರಡು ಸುತ್ತುಗಳ ಮಧ್ಯೆ ಶುರುವಾದದ್ದು ಮೊದಲು ಚಿಕ್ಕದಾಗೇ ಇರುತ್ತದೆ. ರಿಲೇ ನೋಡಿ ಟ್ರಿಪ್ ಕೊಡುತ್ತದೆ. ಸ್ವಿಚರ್ ಕಾಂಟ್ಯಾಕ್ಟ್ ಬಿಚ್ಚಿಕೊಳ್ಳಲು ಶುರು ಮಾಡುತ್ತದೆ. ಅಷ್ಟರಲ್ಲಿ ಆರ್ಕ್ ಹರಡಿ ಎಚ್‌ವಿ ಲೀಡ್‌ನಿಂದ ಟ್ಯಾಂಕ್‌ಗೆ ಫ್ಲ್ಯಾಶ್ ಆಯಿತು ಅನ್ನಿ. ಈಗ ಕರೆಂಟ್ ಏಕ್‌ದಂ ಮೇಲೇರುತ್ತದೆ, ಕಾಂಟ್ಯಾಕ್ಟ್ ಅರ್ಧ ದಾರಿಯಲ್ಲಿದೆ. ತಡೆಯುವ ರಿಲೇಗೆ ಆಗ ಸಮಯ ಮೀರಿರುತ್ತದೆ. ರೇಟಿಂಗ್ ಕಡಿಮೆ ಇದ್ದರೆ ಇಂಟರಪ್ಟರ್ ಸಿಡಿಯುತ್ತದೆ. ಬ್ರೇಕರ್‌ಗೆ ಆ ಭಯ ಇಲ್ಲ. ನಮ್ಮಲ್ಲಿ 66 ಕೆವಿಗೆ ಹಾಕುವ ಬ್ರೇಕರ್ 25 ಅಥವಾ 31.5 ಕೆಎಯದ್ದು.

ಡಲ್ಲಾಸ್‌ನ ಮಂಡ್ಯದವನು

ಮೇಷ್ಟ್ರೇ, ನೀವು ಹೇಳಿದ್ದು ಹಳೆಯ ಮಾದರಿಗಳಿಗೆ ನೂರಕ್ಕೆ ನೂರು ನಿಜ. ಈಗಿನವು ಹಾಗಿಲ್ಲ. 25 ಕೆಎ, ಅದಕ್ಕೂ ಮೇಲಿನ ರೇಟಿಂಗ್ ಸಿಗುತ್ತದೆ. ಜಾಗದ ಫಾಲ್ಟ್ ಲೆವೆಲ್‌ಗಿಂತ ರೇಟಿಂಗ್ ಜಾಸ್ತಿ ಇದ್ದರೆ ಬೆಳೆಯುವ ಫಾಲ್ಟ್‌ನ ವಾದ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ. ಸ್ವಿಚರ್ ಪರವಾಗಿ ಇದನ್ನು ಹೇಳಲೇಬೇಕು. ಆ 1.1 ಕೆಎ ಫಾಲ್ಟ್ ಕರೆಂಟ್ ಚಿಕ್ಕದು, ಹಾಗಂತ ಬಿಡಿಸುವುದು ಸುಲಭ ಅಲ್ಲ. ಕರೆಂಟ್ ಸೊನ್ನೆಗೆ ಬಂದು ಆರ್ಕ್ ಆರಿದ ಕ್ಷಣದಲ್ಲಿ ಕಾಂಟ್ಯಾಕ್ಟ್‌ಗಳ ನಡುವೆ ವೋಲ್ಟೇಜ್ ಏಳುತ್ತದೆ, ಅದೇ ಟಿಆರ್‌ವಿ. ಫಾಲ್ಟ್ ಟ್ರಾನ್ಸ್‌ಫಾರ್ಮರ್‌ನ ಆಚೆ ಇದ್ದಾಗ ಈ ವೋಲ್ಟೇಜ್ ತುಂಬಾ ಬೇಗ ಏರುತ್ತದೆ. ಯಾಕಂದರೆ ಟ್ರಾನ್ಸ್‌ಫಾರ್ಮರ್‌ನ ಇಂಡಕ್ಟೆನ್ಸ್ ದೊಡ್ಡದು, ಸುತ್ತಲಿನ ಕೆಪ್ಯಾಸಿಟೆನ್ಸ್ ಚಿಕ್ಕದು. ಮಾಮೂಲಿ ಬ್ರೇಕರ್‌ನ ಟೆಸ್ಟ್‌ಗಳು ಇಷ್ಟು ಚುರುಕಾದ ಏರಿಕೆಯನ್ನು ಯಾವಾಗಲೂ ಒಳಗೊಳ್ಳುವುದಿಲ್ಲ. ಅಮೆರಿಕದಲ್ಲಿ ಇದಕ್ಕೇ ಅಂತ ಬ್ರೇಕರ್‌ಗಳಿಗೆ ಬೇರೆ ಡೆಫಿನಿಟ್ ಪರ್ಪಸ್ ರೇಟಿಂಗ್ ಇಟ್ಟಿದ್ದಾರೆ. ಸ್ವಿಚರ್ ಹುಟ್ಟಿದ್ದೇ ಟ್ರಾನ್ಸ್‌ಫಾರ್ಮರ್ ಕಾಯಲು, ಹಾಗಾಗಿ ಅದನ್ನು ಈ ಫಾಲ್ಟ್ ಇಟ್ಟುಕೊಂಡೇ ಪರೀಕ್ಷೆ ಮಾಡುತ್ತಾರೆ. "ಬ್ರೇಕರ್ ಅಂದರೆ ಎಲ್ಲದಕ್ಕೂ ಸಾಕು" ಅಂತ ಕಣ್ಣು ಮುಚ್ಚಿ ನಂಬಬೇಡಿ.

ಬ್ರೇಕರ್‌ನ ದೊಡ್ಡ ಗುಣ ಮತ್ತೆ ಮತ್ತೆ ಹೊಡೆಯುವುದು. ತೆಗಿ, 0.3 ಸೆಕೆಂಡ್‌ಗೆ ಹಾಕಿ ತೆಗಿ, 3 ನಿಮಿಷಕ್ಕೆ ಮತ್ತೆ ಹಾಕಿ ತೆಗಿ. ಇದು ಅದರ ಡ್ಯೂಟಿ ಸೈಕಲ್. ಲೈನ್‌ಗೆ ಇದು ಬೇಕೇ ಬೇಕು. ಮರದ ಕೊಂಬೆ ತಾಗಿದ್ದು, ಸಿಡಿಲು ಬಡಿದದ್ದು ಒಂದು ಸಲ ಬಿಟ್ಟು ಹಾಕಿದರೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಡಿಫರೆನ್ಷಿಯಲ್‌ನಲ್ಲಿ ಟ್ರಿಪ್ ಆದರೆ ಯಾರು ತಾನೇ ಆಟೋ ರೀಕ್ಲೋಸ್ ಮಾಡುತ್ತಾರೆ? ಉಪಯೋಗಿಸದ ಗುಣಕ್ಕೆ ದುಡ್ಡು ಯಾಕೆ ಅನ್ನುವುದು ಇಲ್ಲಿನವರ ಲೆಕ್ಕ.

ಮಂಡ್ಯ ಟೆಸ್ಟಿಂಗ್

ಇಬ್ಬರೂ ಚೆನ್ನಾಗಿ ಹೇಳಿದ್ದೀರಿ. ನಾನು ರಿಲೇ ಮತ್ತು ಬ್ರೇಕರ್ ಟೆಸ್ಟಿಂಗ್ ಮಾಡುವವಳು. ಡ್ರಾಯಿಂಗ್ ನೋಡಿದ ಕೂಡಲೇ ನಾನು ಹುಡುಕುವುದು ಸಿಟಿ (ರಿಲೇಗೆ ಕರೆಂಟ್ ಅಳೆದು ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಎಲ್ಲಿದೆ ಅಂತ. ನಮ್ಮ ಊರಿಗೂ ಅಮೆರಿಕಕ್ಕೂ ನಿಜವಾದ ವ್ಯತ್ಯಾಸ ಇರುವುದು ಅಲ್ಲಿ.

ಅಮೆರಿಕದಲ್ಲಿ ಜಾಸ್ತಿ ಬಳಸುವುದು ಡೆಡ್ ಟ್ಯಾಂಕ್ ಬ್ರೇಕರ್. ದೊಡ್ಡ ಲೋಹದ ಟ್ಯಾಂಕ್, ಎರಡೂ ಬದಿ ಬುಶಿಂಗ್, ಬುಶಿಂಗ್ ಬುಡದಲ್ಲೇ ಸಿಟಿಗಳು. ಬೆಲೆ ಜಾಸ್ತಿ, ತೂಕ ಜಾಸ್ತಿ, ಅಡಿಪಾಯ ದೊಡ್ಡದು. ಅದರ ಪಕ್ಕ ಇಟ್ಟು ನೋಡಿದರೆ ಸ್ವಿಚರ್ ಅಗ್ಗವಾಗಿ ಕಾಣುತ್ತದೆ. ಸಿಟಿಗೆ ಅಲ್ಲಿ ಟ್ರಾನ್ಸ್‌ಫಾರ್ಮರ್‌ನ ಸ್ವಂತ ಬುಶಿಂಗ್ ಸಿಟಿಗಳನ್ನೇ ಬಳಸಿಕೊಳ್ಳುತ್ತಾರೆ.

ನಮ್ಮ ಯಾರ್ಡ್‌ಗಳಲ್ಲಿ ಇರುವುದು ಲೈವ್ ಟ್ಯಾಂಕ್ ಬ್ರೇಕರ್. ಪಿಂಗಾಣಿ ಕಂಬದ ತುದಿಯಲ್ಲಿ ಇಂಟರಪ್ಟರ್, ಒಳಗೆ ಎಸ್‌ಎಫ್6. ಸಿಟಿ ಬೇರೆಯಾಗಿ ಇನ್ನೊಂದು ಸ್ಟ್ರಕ್ಚರ್ ಮೇಲೆ ನಿಲ್ಲುತ್ತದೆ. ಸರಿಯಾಗಿ ನೋಡಿದರೆ ಈ ಬ್ರೇಕರ್ ಆಕಾರದಲ್ಲೂ ಖರ್ಚಿನಲ್ಲೂ ಸ್ವಿಚರ್‌ಗೆ ಹತ್ತಿರವೇ ಇದೆ. ಅಂದರೆ ಹೆಡ್ ಆಫೀಸ್‌ನವರು ಹೇಳುವ ಉಳಿತಾಯ ಅವರ ಬ್ರೇಕರ್‌ಗೆ ಹೋಲಿಸಿದ ಉಳಿತಾಯ. ನಮ್ಮ ಬ್ರೇಕರ್‌ಗೆ ಹೋಲಿಸಿದ್ದಲ್ಲ.

ಇನ್ನು ಪ್ರೊಟೆಕ್ಷನ್ ಝೋನ್. ನಮ್ಮಲ್ಲಿ ಎಷ್ಟೋ ಟ್ರಾನ್ಸ್‌ಫಾರ್ಮರ್‌ಗಳಿಗೆ ಎಚ್‌ವಿ ಬುಶಿಂಗ್ ಸಿಟಿ ಕೇಳಿರುವುದಿಲ್ಲ. ಸ್ವಿಚರ್ ಹಾಕಿದರೂ ಬೇರೆ ಸಿಟಿ ಕೊಳ್ಳಲೇಬೇಕು. ಬುಶಿಂಗ್ ಸಿಟಿಯೇ ಇದೆ ಅಂತ ಇಟ್ಟುಕೊಂಡರೂ, ಸ್ವಿಚರ್‌ನಿಂದ ಬುಶಿಂಗ್‌ವರೆಗಿನ ಜಂಪರ್, ಮಧ್ಯದಲ್ಲಿರುವ ಎಲ್‌ಎ (ಸಿಡಿಲಿನ ಏಟು ತಡೆಯುವ ಅರೆಸ್ಟರ್), ಇವೆಲ್ಲ ಡಿಫರೆನ್ಷಿಯಲ್ ಝೋನ್‌ನ (ಆ ರಿಲೇ ಸಿಟಿಗಳ ನಡುವೆ ಕಾಯುವ ಭಾಗದ) ಹೊರಗೆ ಉಳಿಯುತ್ತವೆ. ಎಲ್‌ಎ ಒಡೆದರೆ ನಿಮ್ಮ ರಿಲೇಗೆ ಗೊತ್ತೇ ಆಗುವುದಿಲ್ಲ. ದೂರದ ಬ್ರೇಕರ್ ಟ್ರಿಪ್ ಆಗಬೇಕು, ಆ ಲೈನ್ ಮೇಲಿರುವ ಬೇರೆಯವರಿಗೂ ಕರೆಂಟ್ ಹೋಗಬೇಕು. ಒಂದು ಪಿಂಗಾಣಿ ಒಡೆದದ್ದಕ್ಕೆ ಸುತ್ತಲಿನ ಹಳ್ಳಿಗಳು ಕತ್ತಲಲ್ಲಿ ಕೂರುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪರ್ಚೇಸ್ ಮೈಸೂರು

ಖರೀದಿ ಕಡೆಯಿಂದ ಒಂದು ಮಾತು. ಸಾಮಾನಿನ ಬೆಲೆ ಮಾತ್ರ ನೋಡಬೇಡಿ. ಆಮದು ಸುಂಕ, ಹಡಗು, ಕಮಿಷನಿಂಗ್‌ಗೆ ಬರುವ ಎಂಜಿನಿಯರ್, ಸ್ಪೇರ್, ಎಲ್ಲ ಸೇರಿಸಿ. 66 ಕೆವಿಗೆ ಹಾಕುವ 72.5 ಕೆವಿ ರೇಟಿಂಗ್‌ನ ಬ್ರೇಕರ್ ನಮ್ಮ ದೇಶದಲ್ಲೇ ಹಲವು ಕಂಪನಿಗಳು ಮಾಡುತ್ತವೆ. ಒಂದು ಪೋಲ್ (ಒಂದು ಫೇಸ್‌ನ ಭಾಗ) ಹಾಳಾದರೆ ಬೇರೆ ಸಿಗುತ್ತದೆ. ಸ್ವಿಚರ್‌ನ ಇಂಟರಪ್ಟರ್ ಹಾಳಾದರೆ ಅಮೆರಿಕದಿಂದಲೇ ಬರಬೇಕು. ಅಷ್ಟು ದಿನ ಕಾರ್ಖಾನೆ ನಿಲ್ಲಿಸಲು ಆಗುತ್ತದಾ?

ಡಲ್ಲಾಸ್‌ನ ಮಂಡ್ಯದವನು

ಸ್ಪೇರ್ ಮಾತು ಒಪ್ಪಿದೆ, ಅದಕ್ಕೆ ಎದುರು ವಾದ ಇಲ್ಲ. ಇನ್ನೂ ಎರಡು ಸಣ್ಣ ವಿಷಯ ಗಮನಿಸಿ. ಇಲ್ಲಿನ ಸಾಮಾನು 60 ಹರ್ಟ್ಜ್‌ಗೆ ಮಾಡಿದ್ದು. 50 ಹರ್ಟ್ಜ್‌ನಲ್ಲಿ ಅರ್ಧ ಸೈಕಲ್ ಉದ್ದವಾಗುತ್ತದೆ, ಆರ್ಕ್ ಉರಿಯುವ ಹೊತ್ತೂ ಹೆಚ್ಚುತ್ತದೆ. 50 ಹರ್ಟ್ಜ್‌ನ ಟೆಸ್ಟ್ ರಿಪೋರ್ಟ್ ಕೇಳದೆ ಮುಂದೆ ಹೋಗಬೇಡಿ. ಕಂಟ್ರೋಲ್ ವೋಲ್ಟೇಜ್ ಇಲ್ಲಿ 48 ಅಥವಾ 125 ವೋಲ್ಟ್ ಡಿಸಿ. ನಿಮ್ಮಲ್ಲಿ 110 ಅಥವಾ 220. ಟ್ರಿಪ್ ಕಾಯಿಲ್ (ಟ್ರಿಪ್ ಬಂದಾಗ ಸ್ವಿಚ್ ತೆರೆಸುವ ಸುರುಳಿ) ಅದಕ್ಕೆ ಹೊಂದಬೇಕು.

ವೇಗದ ಬಗ್ಗೆಯೂ ಯಾರೂ ಹೇಳಲಿಲ್ಲ. ಹಳೆಯ ಸ್ವಿಚರ್‌ಗಳು 6ರಿಂದ 8 ಸೈಕಲ್ ತೆಗೆದುಕೊಳ್ಳುತ್ತಿದ್ದವು. ಹೊಸ ಕೆಲವು 3 ಸೈಕಲ್. ಡ್ರಾಯಿಂಗ್‌ನಲ್ಲಿ ಯಾವ ಮಾದರಿ ಇದೆ ಅಂತ ನೋಡಿ.

ರಿಲೇ ಮೇಷ್ಟ್ರು

ವೇಗ ಮುಖ್ಯ. ನಮ್ಮ 50 ಹರ್ಟ್ಜ್‌ನಲ್ಲಿ ಒಂದು ಸೈಕಲ್ 20 ಮಿಲಿಸೆಕೆಂಡ್. 3 ಸೈಕಲ್ ಬ್ರೇಕರ್ ಅಂದರೆ 60. 8 ಸೈಕಲ್ ಅಂದರೆ 160. ಟ್ಯಾಂಕ್ ಒಳಗೆ ಆರ್ಕ್ ಉರಿಯುತ್ತಿದ್ದರೆ ಎಣ್ಣೆ ಗ್ಯಾಸ್ ಆಗಿ ಒತ್ತಡ ಏರುತ್ತಲೇ ಇರುತ್ತದೆ. ಆ ಇನ್ನೊಂದು ನೂರು ಮಿಲಿಸೆಕೆಂಡ್‌ನಲ್ಲಿ ರಿಪೇರಿ ಆಗಬಹುದಾದ ಟ್ರಾನ್ಸ್‌ಫಾರ್ಮರ್ ಟ್ಯಾಂಕ್ ಸೀಳಿ ಬೆಂಕಿ ಹಿಡಿಯಬಹುದು.

ನಂಜನಗೂಡು ಪ್ರಾಜೆಕ್ಟ್

ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ, ತುಂಬಾ ಧನ್ಯವಾದ. ನಮ್ಮದು ಟ್ಯಾಪ್ ಲೈನ್, ಅದೇ ಲೈನ್ ಮೇಲೆ ಬೇರೆ ಗ್ರಾಹಕರೂ ಇದ್ದಾರೆ. ಎಲ್‌ಎ ವಿಷಯ ನನ್ನ ಮನಸ್ಸಿಗೇ ಬಂದಿರಲಿಲ್ಲ. ನಿಯಮ ಏನು ಹೇಳುತ್ತದೆ? ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟೊರೇಟ್‌ನವರು ಸ್ವಿಚರ್ ಒಪ್ಪುತ್ತಾರಾ?

ರಿಲೇ ಮೇಷ್ಟ್ರು

ಇದನ್ನೇ ಮೊದಲು ನೋಡಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಸ್ಪಷ್ಟವಾಗಿತ್ತು. ನಿಯಮ ಬಂದ ಮೇಲೆ ಹಾಕುವ 1000 ಕೆವಿಎ ಮತ್ತು ಅದಕ್ಕೂ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಿಗೆ ಪ್ರೈಮರಿ ಕಡೆ ಸರ್ಕ್ಯೂಟ್ ಬ್ರೇಕರ್ ಇರಬೇಕಿತ್ತು. ಅದಕ್ಕಿಂತ ಚಿಕ್ಕದಕ್ಕೆ ಲಿಂಕ್ಡ್ ಸ್ವಿಚ್ ಜೊತೆ ಫ್ಯೂಸ್ ನಡೆಯುತ್ತಿತ್ತು. 10 ಎಂವಿಎ ಮತ್ತು ಮೇಲಿನದಕ್ಕೆ ಡಿಫರೆನ್ಷಿಯಲ್ ಪ್ರೊಟೆಕ್ಷನ್ ಕಡ್ಡಾಯವಾಗಿತ್ತು. ನಿಮ್ಮದು 12.5, ಆ ಲೆಕ್ಕದಲ್ಲಿ ಎರಡೂ ಅನ್ವಯಿಸುತ್ತವೆ. 2023ರಲ್ಲಿ ಅದರ ಬದಲಿಗೆ ಹೊಸ ನಿಯಮಾವಳಿ ಬಂದಿದೆ. ಅದರ ಪ್ರತಿ ತೆಗೆದು ಸಂಬಂಧಪಟ್ಟ ಕಲಮನ್ನೇ ಹೆಡ್ ಆಫೀಸ್‌ಗೆ ಕಳಿಸಿ.

ಸ್ವಿಚರ್ ಬೇರೆ ಸ್ಟಾಂಡರ್ಡ್‌ನಲ್ಲಿ ಟೆಸ್ಟ್ ಆದ ಸಾಮಾನು. ನಮ್ಮ ಬ್ರೇಕರ್‌ಗೆ ಐಎಸ್/ಐಇಸಿ 62271-100 ಬೇಕು. "25 ಕೆಎ ಬಿಡಿಸುತ್ತದೆ, ಹಾಗಾಗಿ ಬ್ರೇಕರ್ ಅನ್ನಿ" ಅಂತ ಪರಿವೀಕ್ಷಕರ ಎದುರು ವಾದ ಮಾಡುವುದಕ್ಕಿಂತ, ಅಪ್ರೂವಲ್ ಡ್ರಾಯಿಂಗ್ ಕೊಡುವ ಮೊದಲೇ ಹೋಗಿ ಮಾತಾಡುವುದು ಒಳ್ಳೆಯದು. ಯಾರ್ಡ್ ಕಟ್ಟಿದ ಮೇಲೆ ತಕರಾರು ಬಂದರೆ ಕಷ್ಟ.

ಮದ್ದೂರು ಶಿಫ್ಟ್

ಆಪರೇಟರ್ ದೃಷ್ಟಿಯಿಂದ ಸ್ವಿಚರ್‌ನಲ್ಲಿ ಒಂದು ಒಳ್ಳೆಯದು ನನಗೆ ಕಾಣುತ್ತದೆ. ನಮ್ಮಲ್ಲಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕೆಲಸಕ್ಕೆ ಲೈನ್ ಬಿಟ್ಟುಕೊಡುವುದು) ಕೊಡುವಾಗ ಮೊದಲು ಬ್ರೇಕರ್ ತೆಗೆಯಬೇಕು, ಆಮೇಲೆ ಐಸೊಲೇಟರ್, ಆಮೇಲೆ ಅರ್ತ್ ಸ್ವಿಚ್ ಹಾಕಬೇಕು. ರಾತ್ರಿ ಮಳೆಯಲ್ಲಿ ಅವಸರಕ್ಕೆ ಐಸೊಲೇಟರ್ ಮೊದಲು ಎಳೆದರೆ ಮನುಷ್ಯನ ಜೀವಕ್ಕೇ ಸಂಚಕಾರ. ಬ್ಲೇಡ್ ಇರುವ ಸ್ವಿಚರ್‌ನಲ್ಲಿ ಮೊದಲು ಇಂಟರಪ್ಟರ್ ಬಿಟ್ಟು ಆಮೇಲೆ ಬ್ಲೇಡ್ ತೆರೆಯುವ ಹಾಗೆ ಮೆಕ್ಯಾನಿಸಂನಲ್ಲೇ ಕಟ್ಟಿದ್ದರೆ ತಪ್ಪು ಮಾಡಲು ಜಾಗವೇ ಇಲ್ಲ. ಬ್ಲೇಡ್ ತೆರೆದದ್ದು ಕಣ್ಣಿಗೂ ಕಾಣುತ್ತದೆ. ಕಣ್ಣಿಗೆ ಕಾಣದೆ ನಮ್ಮ ಲೈನ್‌ಮ್ಯಾನ್‌ಗಳು ಕಂಬ ಹತ್ತುವುದಿಲ್ಲ, ಹತ್ತಲೂ ಬಾರದು.

ಮಂಡ್ಯ ಟೆಸ್ಟಿಂಗ್

ಅಣ್ಣಾ, ಇದು ಬಹಳ ಸರಿಯಾದ ಮಾತು. ಬ್ರೇಕರ್ ಹಾಕುವವರು ಇಂಟರ್‌ಲಾಕ್‌ಗೆ ಚೌಕಾಸಿ ಮಾಡಬಾರದು. ಬ್ರೇಕರ್ ಮುಚ್ಚಿದ್ದಾಗ ಐಸೊಲೇಟರ್ ಹ್ಯಾಂಡಲ್ ತಿರುಗಲೇಬಾರದು. ಎಲೆಕ್ಟ್ರಿಕಲ್ ಇಂಟರ್‌ಲಾಕ್ ಜೊತೆ ಕೀ ಇಂಟರ್‌ಲಾಕ್ ಕೂಡ ಇರಲಿ.

ಎಲ್ಲಕ್ಕಿಂತ ದೊಡ್ಡದು ಬ್ಯಾಟರಿ. ಹಿಂದೆ ಒಂದು ಖಾಸಗಿ ಕಾರ್ಖಾನೆಗೆ ಫಾಲ್ಟ್ ಆದ ಮೇಲೆ ಕರೆದಿದ್ದರು. ರಿಲೇ ಸರಿಯಾದ ಸಮಯಕ್ಕೆ ಕೆಲಸ ಮಾಡಿತ್ತು. ಬ್ರೇಕರ್ ಒಳ್ಳೆಯದೇ. ಆದರೆ ಡಿಸಿ ಬ್ಯಾಟರಿಯ ಸೆಲ್‌ಗಳು ಒಣಗಿದ್ದವು, ಟ್ರಿಪ್ ಕಾಯಿಲ್ ಎಳೆಯುವಷ್ಟು ಶಕ್ತಿ ಇರಲಿಲ್ಲ. ಕೊನೆಗೆ ದೂರದ ಸ್ಟೇಷನ್‌ನ ಬ್ಯಾಕಪ್ ತಡವಾಗಿ ಬಿಡಿಸಿತು. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಕೈಬಿಟ್ಟಿತ್ತು. ಬ್ರೇಕರ್ ಆಗಲಿ ಸ್ವಿಚರ್ ಆಗಲಿ, ಎರಡಕ್ಕೂ ಈ ವಿಷಯ ಒಂದೇ. ಟ್ರಿಪ್ ಸರ್ಕ್ಯೂಟ್ ಸೂಪರ್‌ವಿಷನ್ ರಿಲೇ ಹಾಕಿ, ಬ್ಯಾಟರಿ ವೋಲ್ಟೇಜ್ ಕಡಿಮೆಯಾದರೆ ಕಂಟ್ರೋಲ್ ರೂಮ್‌ನಲ್ಲಿ ಗಂಟೆ ಹೊಡೆಯುವ ಹಾಗೆ ಮಾಡಿ.

ಇಇಇ ಕೊನೆ ವರ್ಷ

ಮೇಡಂ, ಹಾಗಾದರೆ ನಮ್ಮ ಕಡೆ ಸ್ವಿಚರ್‌ಗೆ ಜಾಗವೇ ಇಲ್ವಾ? ಕೆಪಾಸಿಟರ್ ಬ್ಯಾಂಕ್‌ಗೆ ಬಳಸುತ್ತಾರೆ ಅಂತ ಓದಿದೆ.

ಮಂಡ್ಯ ಟೆಸ್ಟಿಂಗ್

ಕೆಪಾಸಿಟರ್‌ಗೆ ಇದು ನಿಜಕ್ಕೂ ಯೋಚಿಸಬೇಕಾದ ವಿಷಯ. ಮಂಡ್ಯ ಕಡೆ ಲೋಡ್ ಹೇಗೆ ಅಂತ ನಿನಗೆ ಗೊತ್ತಲ್ಲ. ಕಬ್ಬು, ಭತ್ತ, ಪಂಪ್‌ಸೆಟ್. ಪಂಪ್‌ಸೆಟ್ ಫೀಡರ್‌ಗಳಿಗೆ ಮೂರು ಫೇಸ್ ದಿನಕ್ಕೆ 7 ಗಂಟೆ, ಅದೂ ಬ್ಯಾಚ್ ಪ್ರಕಾರ. ಒಂದು ಬ್ಯಾಚ್ ಬಂದ ಕೂಡಲೇ ಸಾವಿರಾರು ಇಂಡಕ್ಷನ್ ಮೋಟಾರ್ ಒಟ್ಟಿಗೆ ಎಳೆಯುತ್ತವೆ, ಪವರ್ ಫ್ಯಾಕ್ಟರ್ ಬೀಳುತ್ತದೆ, ಕೊನೆಯ ಹಳ್ಳಿಯ ವೋಲ್ಟೇಜ್ ಕುಸಿಯುತ್ತದೆ. ಆಗ ಕೆಪಾಸಿಟರ್ ಬೇಕು. ಬ್ಯಾಚ್ ಹೋದ ಮೇಲೆ ತೆಗೆಯದಿದ್ದರೆ ವೋಲ್ಟೇಜ್ ಮೇಲೇರುತ್ತದೆ. ಅಂದರೆ ಅದರ ಸ್ವಿಚ್ ದಿನಕ್ಕೆ ಹಲವು ಸಲ ಕೆಲಸ ಮಾಡಬೇಕು.

ಕೆಪಾಸಿಟರ್ ಕರೆಂಟ್ ಚಿಕ್ಕದು, ಬಿಡಿಸುವುದು ಸುಲಭ ಅಂತ ಕಾಣುತ್ತದೆ. ಆದರೆ ಬಿಡಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿಯುತ್ತದೆ. ಅರ್ಧ ಸೈಕಲ್ ಕಳೆದಾಗ ಕಾಂಟ್ಯಾಕ್ಟ್ ನಡುವೆ ಎರಡು ಪಟ್ಟು ಪೀಕ್ ವೋಲ್ಟೇಜ್ ನಿಲ್ಲುತ್ತದೆ. ಅಲ್ಲಿ ಮತ್ತೆ ಆರ್ಕ್ ಹೊಡೆದರೆ ವೋಲ್ಟೇಜ್ ಇನ್ನೂ ಮೇಲೆ ಹೋಗಿ ಕೆಪಾಸಿಟರ್ ಕ್ಯಾನ್ ಉಬ್ಬುತ್ತದೆ. ಹಾಕುವಾಗ ಇನ್‌ರಶ್ (ಒಮ್ಮೆಗೇ ನುಗ್ಗುವ ಕರೆಂಟ್) ಬೇರೆ. ಪಕ್ಕದಲ್ಲಿ ಇನ್ನೊಂದು ಬ್ಯಾಂಕ್ ಚಾಲೂ ಇದ್ದರೆ ಅದರ ಚಾರ್ಜೆಲ್ಲ ಹೊಸದಕ್ಕೆ ಒಮ್ಮೆಗೇ ನುಗ್ಗುತ್ತದೆ. ಕೆಲವು ಸ್ವಿಚರ್‌ಗಳಲ್ಲಿ ಇದಕ್ಕಾಗಿ ಪ್ರೀ-ಇನ್ಸರ್ಷನ್ ಇಂಡಕ್ಟರ್ ಇರುತ್ತದೆ. ಮುಚ್ಚುವ ಹೊತ್ತಿನಲ್ಲಿ ಮಾತ್ರ ಅದು ಮಧ್ಯೆ ಬಂದು ಏಟನ್ನು ತಗ್ಗಿಸುತ್ತದೆ. ಇದು ಅವರ ಒಳ್ಳೆಯ ಕೆಲಸ, ಸಂಶಯವಿಲ್ಲ.

ನಮ್ಮಲ್ಲಿ ಇದೇ ಕೆಲಸಕ್ಕೆ ಬ್ರೇಕರ್ ಹಾಕಿ, ಜೊತೆಗೆ ಸೀರೀಸ್ ರಿಯಾಕ್ಟರ್ (ನುಗ್ಗುವ ಕರೆಂಟ್ ತಗ್ಗಿಸುವ ಸುರುಳಿ) ಇಡುತ್ತಾರೆ. ಬ್ರೇಕರ್ ಸಿ2 ಕ್ಲಾಸ್, ಅಂದರೆ ಮತ್ತೆ ಆರ್ಕ್ ಹೊಡೆಯುವ ಸಾಧ್ಯತೆ ಬಹಳ ಕಡಿಮೆ ಅಂತ ಟೆಸ್ಟ್ ಆದದ್ದೇ ಇರಬೇಕು. ಮೆಕ್ಯಾನಿಸಂ ಎಂ2, ಅಂದರೆ 10,000 ಸಲ ಹಾಕಿ ತೆಗೆದು ಪರೀಕ್ಷೆ ಮಾಡಿದ್ದು. ಎಂ1 ಅಂದರೆ 2,000 ಮಾತ್ರ. ಕೆಪಾಸಿಟರ್‌ಗೆ ಎಂ1 ತಂದು ಹಾಕಿ ಕೆಲವೇ ವರ್ಷದಲ್ಲಿ ಸ್ಪ್ರಿಂಗ್ ಮುರಿದುಕೊಂಡವರನ್ನು ನೋಡಿದ್ದೇನೆ.

ಡಲ್ಲಾಸ್‌ನ ಮಂಡ್ಯದವನು

ನನ್ನ ಊರಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟ್ ಕಳಿಸಿದಾಗ ಅಷ್ಟು ಉದ್ದದ ಲೈನ್ ಜಗತ್ತಿನಲ್ಲೇ ಅಪರೂಪ. ಸುಮಾರು 147 ಕಿಲೋಮೀಟರ್. ಹೊಸದನ್ನು ಮೊದಲು ಹಾಕಿ ನೋಡಿದ ಜಿಲ್ಲೆ ನಮ್ಮದು. ಮಳವಳ್ಳಿ, ನಾಗಮಂಗಲ ಕಡೆ ಲೈನ್ ತುದಿಯಲ್ಲಿ ಫಾಲ್ಟ್ ಲೆವೆಲ್ ಕಡಿಮೆ ಇರುವ ಜಾಗಗಳಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಜೊತೆ ಸ್ವಿಚರ್ ಹಾಕಿದರೆ, ಇನ್ನೂ ಹೆಚ್ಚು ಹಳ್ಳಿಗಳ ಹತ್ತಿರಕ್ಕೆ 66 ಕೆವಿ ಒಯ್ಯಬಹುದು. 11 ಕೆವಿ ಲೈನ್ ಉದ್ದ ಕಡಿಮೆ ಆಗುತ್ತದೆ, ರೈತರಿಗೆ ಒಳ್ಳೆಯ ವೋಲ್ಟೇಜ್ ಸಿಗುತ್ತದೆ. ಇದನ್ನು ಯಾಕೆ ಯೋಚಿಸಬಾರದು?

ರಿಲೇ ಮೇಷ್ಟ್ರು

ನಿನ್ನ ಕಾಳಜಿ ನನಗೆ ಇಷ್ಟವಾಯಿತು. ಆದರೂ ನಾನು ಒಪ್ಪುವುದಿಲ್ಲ. ಇವತ್ತು ಆ ತುದಿಯಲ್ಲಿ 4 ಕೆಎ ಇರಬಹುದು. ನಾಳೆ ಹತ್ತಿರದಲ್ಲೇ ಹೊಸ 220 ಕೆವಿ ಸ್ಟೇಷನ್ ಬಂದರೆ ಫಾಲ್ಟ್ ಲೆವೆಲ್ ಒಂದೇ ದಿನದಲ್ಲಿ ಮೂರು ಪಟ್ಟಾಗುತ್ತದೆ. ಯಾರ್ಡ್‌ನ ಸಾಮಾನು ಇಪ್ಪತ್ತೈದು, ಮೂವತ್ತು ವರ್ಷ ಇರುತ್ತದೆ. ಆ ದಿನ ಸಣ್ಣ ಸ್ಟೇಷನ್‌ಗಳ ಸ್ವಿಚರ್ ರೇಟಿಂಗ್ ಮರೆಯದೆ ನೋಡುವವರು ಬೇಕು. 25 ಕೆಎಯದ್ದೇ ಹಾಕುತ್ತೇವೆ ಅಂದರೆ, ಆ ದುಡ್ಡಿಗೆ ಇಲ್ಲೇ ಮಾಡಿದ ಬ್ರೇಕರ್ ಬರುತ್ತದೆ. 11 ಕೆವಿ ಉದ್ದ ಕಡಿಮೆ ಮಾಡಬೇಕು ಅನ್ನುವುದಕ್ಕೆ ಮಾತ್ರ ನನ್ನ ಎರಡೂ ಕೈ ಮೇಲೆ.

ಡಲ್ಲಾಸ್‌ನ ಮಂಡ್ಯದವನು

ನಿಮ್ಮಲ್ಲಿ ಬ್ರೇಕರ್ ಬೆಲೆ ಅಷ್ಟು ಇಳಿದಿದ್ದರೆ ಸರಿ ಮೇಷ್ಟ್ರೇ. ಬೆಲೆ ಒಂದೇ ಆದರೆ ನಾನೂ ಬ್ರೇಕರ್ರೇ ಹಾಕುತ್ತೇನೆ. ಆದರೆ ಎಂದಾದರೂ ಇಲ್ಲೇ ಸ್ವಿಚರ್ ಮಾಡಲು ಯಾರಾದರೂ ಮುಂದೆ ಬಂದರೆ ಆ ಯೋಚನೆಯನ್ನು ತಳ್ಳಿಹಾಕಬೇಡಿ.

ನಂಜನಗೂಡು ಪ್ರಾಜೆಕ್ಟ್

ನಿಯಮದ ಕಲಮು, ಎಲ್‌ಎ ಮತ್ತು ಸಿಟಿ ಝೋನ್, ಲೈವ್ ಟ್ಯಾಂಕ್ ಹೋಲಿಕೆ, ಸ್ಪೇರ್, ಈ ನಾಲ್ಕನ್ನೂ ಹೆಡ್ ಆಫೀಸ್‌ಗೆ ಬರೆದಿದ್ದೆ. ಒಪ್ಪಿದ್ದಾರೆ. ಎಚ್‌ವಿ ಕಡೆ ಬ್ರೇಕರ್. ಅವರೇ ಟಿಆರ್‌ವಿ ಬಗ್ಗೆ ಕೇಳಿದರು, ಡಲ್ಲಾಸ್‌ನವರ ಮಾತು ಓದಿದ್ದರಿಂದ ಉತ್ತರ ಕೊಡಲು ಸುಲಭವಾಯಿತು. ಅವರಿಗೆ ಇನ್ನೊಂದು ಚಿಂತೆ ಎಸ್‌ಎಫ್6. ಕಾರ್ಬನ್ ಡೈಆಕ್ಸೈಡ್‌ಗಿಂತ 23,000 ಪಟ್ಟಿಗೂ ಜಾಸ್ತಿ ಬಿಸಿ ಹಿಡಿಯುವ ಅನಿಲ ಅಂತ, ವ್ಯಾಕ್ಯೂಮ್ ಸಿಗುತ್ತದಾ ನೋಡಿ ಅಂದಿದ್ದಾರೆ. ಟೆಂಡರ್‌ನಲ್ಲಿ ಏನೇನು ಬರೆಯಲಿ?

ಮಂಡ್ಯ ಟೆಸ್ಟಿಂಗ್

72.5 ಕೆವಿಗೆ ವ್ಯಾಕ್ಯೂಮ್ ಬ್ರೇಕರ್ ಜಗತ್ತಿನಲ್ಲಿ ಬಂದಿದೆ. ಆಫರ್ ಕರೆಯಿರಿ, ಸರ್ವಿಸ್ ಎಲ್ಲಿಂದ ಅಂತ ಕೇಳಿ. ಅದು ಸಿಗದೆ ಎಸ್‌ಎಫ್6 ತೆಗೆದುಕೊಂಡರೆ ಗ್ಯಾಸ್ ಸೋರಿಕೆಯ ಗ್ಯಾರಂಟಿ ಬರೆಸಿ. ಒತ್ತಡ ಕಡಿಮೆಯಾದರೆ ಮೊದಲು ಅಲಾರಂ, ಇನ್ನೂ ಇಳಿದರೆ ಲಾಕೌಟ್ (ಬ್ರೇಕರ್ ಕೆಲಸ ಮಾಡದಂತೆ ತಡೆ) ಬೇಕು.

ಫಾಲ್ಟ್ ಲೆವೆಲ್ ಬಗ್ಗೆ ಪ್ರಸರಣ ನಿಗಮದಿಂದ ಪತ್ರ ತೆಗೆದುಕೊಳ್ಳಿ, ಮುಂದಿನ ವರ್ಷಗಳ ಅಂದಾಜನ್ನೂ ಕೇಳಿ. ಟ್ರಾನ್ಸ್‌ಫಾರ್ಮರ್ ಆಚೆಯ ಫಾಲ್ಟ್‌ನ ಟಿಆರ್‌ವಿಗೆ ಬ್ರೇಕರ್ ಸಾಕು ಅಂತ ತಯಾರಕರಿಂದ ಬರವಣಿಗೆಯಲ್ಲಿ ಪಡೆಯಿರಿ. ಟ್ರಿಪ್ ಕಾಯಿಲ್ ಎರಡಿರಲಿ, ಎರಡಕ್ಕೂ ಬೇರೆ ಬೇರೆ ಡಿಸಿ ಫ್ಯೂಸ್. ಸಿಟಿಗಳು ಬ್ರೇಕರ್‌ನ ಲೈನ್ ಕಡೆ ಬರಲಿ, ಆಗ ಎಲ್‌ಎಯೂ ಬ್ರೇಕರ್ರೂ ಡಿಫರೆನ್ಷಿಯಲ್ ಝೋನ್ ಒಳಗೆ ಬರುತ್ತವೆ. ಬ್ರೇಕರ್ ಫೇಲ್ ಆದರೆ ದೂರದ ಸ್ಟೇಷನ್‌ಗೆ ಟ್ರಿಪ್ ಕಳಿಸುವ ದಾರಿ ಇದೆಯಾ ಅಂತ ನಿಗಮದವರನ್ನು ಈಗಲೇ ಕೇಳಿ. ಆಪ್ಟಿಕಲ್ ಫೈಬರ್ ಇದ್ದರೆ ಆ ಕೆಲಸ ಸುಲಭ.

ಫ್ಯಾಕ್ಟರಿ ಟೆಸ್ಟ್ ದಿನ ನೀವೇ ಹೋಗಿ. ಮೂರೂ ಪೋಲ್‌ಗಳ ಟೈಮಿಂಗ್ ಗ್ರಾಫ್, ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ರೀಡಿಂಗ್, ಟ್ರಿಪ್ ಕಾಯಿಲ್ ಕರೆಂಟ್ ಗ್ರಾಫ್, ಈ ಮೂರರ ಪ್ರತಿ ತೆಗೆದುಕೊಂಡು ಬನ್ನಿ. ಮುಂದೆ ನನ್ನಂಥವರು ಟೆಸ್ಟ್‌ಗೆ ಬಂದಾಗ ಮೊದಲು ಕೇಳುವುದು ಅದನ್ನೇ.